ಕಂಪವಾತ: ರಕ್ತಪರೀಕ್ಷೆಯಿಂದ ಪತ್ತೆ ಸಾಧ್ಯವೇ?

'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆ ಕನ್ನಡ ಮನೆಗಳಲ್ಲಿ ಹಿಂದಿನಿಂದಲೂ ರೂಢಿಯಲ್ಲಿದೆ. ಬುದ್ಧಿಯನ್ನು ಕುರಿತು ಹುಟ್ಟಿದ ಈ ಮಾತನ್ನು ಜನರು ಕೈಕಾಲುಗಳಿಗೂ ಅನ್ವಯಿಸುವುದುಂಟು. ಹಿರಿಯರ ಕೈ ನಡುಗಿದರೆ, ನಡಿಗೆ ನಿಧಾನವಾದರೆ, ಧ್ವನಿ ಕುಗ್ಗಿದರೆ ಅದನ್ನು ಮುಪ್ಪಿನ ಸಹಜಧರ್ಮವೆಂದು ಬಗೆದು ಸುಮ್ಮನಾಗುವುದು ವಾಡಿಕೆ. ಆದರೆ ಹೀಗೆ ಮುಪ್ಪಿನ ಲೆಕ್ಕಕ್ಕೆ ಬರೆದುಬಿಡುವ ಲಕ್ಷಣಗಳೆಲ್ಲವೂ ಮುಪ್ಪಿನವಲ್ಲ. ಅವುಗಳಲ್ಲಿ ಕೆಲವು ಪಾರ್ಕಿನ್ಸನ್ ಕಾಯಿಲೆಯ ಮೊದಲ ಸೂಚನೆಗಳಾಗಿರಬಹುದು. ಆಯುರ್ವೇದದಲ್ಲಿ ಕಂಪವಾತವೆಂದು ಕರೆಯಲಾಗುವ ವ್ಯಾಧಿಯ ಲಕ್ಷಣಗಳು ಇದನ್ನು ಬಹುಮಟ್ಟಿಗೆ ಹೋಲುತ್ತವೆ.

ಚೆಂಬೂರಿನ ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ಟ್ರಾಂಬೆಯ ಅಣುಶಕ್ತಿ ಕೇಂದ್ರ, ಮಾಹುಲಿನ ತೈಲ ಶುದ್ಧೀಕರಣ ಕಾರ್ಖಾನೆಗಳು, ರಸಗೊಬ್ಬರದ ಕಾರ್ಖಾನೆ, ಬ್ಯಾಂಕುಗಳು, ಶಾಲೆಗಳು, ಹೋಟೆಲುಗಳು ಇವುಗಳಲ್ಲಿ ದುಡಿಯಲು ಹರೆಯದಲ್ಲಿ ಮುಂಬಯಿಗೆ ಬಂದವರು ಇಂದು ನಿವೃತ್ತರಾಗಿದ್ದಾರೆ. ಅನೇಕರ ಮಕ್ಕಳು ಪರದೇಶಗಳಲ್ಲಿದ್ದಾರೆ. ಮನೆಯಲ್ಲಿ ಉಳಿದವರು ವೃದ್ಧ ದಂಪತಿಗಳು ಮಾತ್ರ. ಅಂತಹ ಮನೆಯಲ್ಲಿ ಒಬ್ಬರ ಚಲನೆ ಕುಂದಿದರೆ ಇಬ್ಬರ ಬದುಕೂ ನಿಲ್ಲುತ್ತದೆ. ಆದುದರಿಂದ ಈ ಕಾಯಿಲೆಯನ್ನು ಬೇಗನೆ ಗುರುತಿಸುವ ವಿಧಾನವಿದೆಯೇ, ಸಕ್ಕರೆ ಕಾಯಿಲೆಯಂತೆ ಒಂದಿಷ್ಟು ರಕ್ತ ತೆಗೆದು ನೋಡಿದರೆ ತಿಳಿಯಬಹುದೇ ಎಂಬ ಪ್ರಶ್ನೆ ಸಹಜವಾದುದು. ಜಗತ್ತಿನ ಪ್ರಯೋಗಾಲಯಗಳು ಇದೇ ಪ್ರಶ್ನೆಗೆ ಉತ್ತರವನ್ನು ಅರಸುತ್ತಿವೆ. ಆ ಅರಸುವಿಕೆ ಎಲ್ಲಿಗೆ ಬಂದಿದೆ, ಅದರಲ್ಲಿ ಎಷ್ಟನ್ನು ನಂಬಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಾಯಿಲೆಯ ಸ್ವರೂಪ

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ಒಂದು ಪ್ರಬಂಧದಲ್ಲಿ ವರ್ಣಿಸಿದನು. ಮಿದುಳಿನ ಬುಡದಲ್ಲಿ ಕಪ್ಪು ಬಣ್ಣದ ನರಕೋಶಗಳ ಒಂದು ಸಣ್ಣ ಪಟ್ಟಿಯಿದೆ. ಈ ಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಕೈಕಾಲುಗಳ ಚಲನೆ ಸರಾಗವಾಗಿ ಸಾಗಬೇಕಾದರೆ ಡೋಪಮೈನ್ ಅವಶ್ಯಕ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಈ ಕೋಶಗಳು ಒಂದೊಂದಾಗಿ ಅಳಿಯುತ್ತವೆ. ಅಳಿಯುವ ಕೋಶಗಳೊಳಗೆ ಆಲ್ಫಾ ಸಿನ್ಯೂಕ್ಲೀನ್ ಎಂಬ ಪ್ರೋಟೀನು ಗಂಟುಗಟ್ಟಿರುವುದು 1997ರಲ್ಲಿ ತಿಳಿದುಬಂದಿತು.

ಡೋಪಮೈನ್ ಕುಂದಿದಾಗ ಚಲನೆ ನಿಧಾನವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ವಿಶ್ರಾಂತಿಯಲ್ಲಿರುವ ಕೈ ನಡುಗುತ್ತದೆ. ಸಾಮಾನ್ಯವಾಗಿ ಇವು ದೇಹದ ಒಂದು ಪಾರ್ಶ್ವದಲ್ಲಿ ಮೊದಲಾಗುತ್ತವೆ. ನಡೆಯುವಾಗ ಒಂದು ಕೈ ಬೀಸುವುದು ನಿಲ್ಲುತ್ತದೆ. ಅಕ್ಷರಗಳು ಬರಬರುತ್ತ ಚಿಕ್ಕದಾಗುತ್ತವೆ. ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲವೆಂದು ಚೆಕ್ಕು ಹಿಂದಿರುಗುತ್ತದೆ. ಭಜನೆಯಲ್ಲಿ ಎಲ್ಲರಿಗೂ ಕೇಳುತ್ತಿದ್ದ ಕಂಠ ಪಕ್ಕದವರಿಗೂ ಕೇಳದಂತಾಗುತ್ತದೆ. ಒಂದು ಭುಜ ಬಿಗಿಯಿತೆಂದು ರೋಗಿ ಮೂಳೆವೈದ್ಯರ ಬಳಿಗೆ ಅಲೆಯುವುದೂ ಉಂಟು. ಇವೆಲ್ಲಕ್ಕೂ ಎಷ್ಟೋ ವರ್ಷ ಮೊದಲೇ ಮಲಬದ್ಧತೆ, ವಾಸನೆ ತಿಳಿಯದಿರುವುದು, ಕನಸಿನಲ್ಲಿ ಕೂಗುತ್ತ ಕೈಕಾಲು ಬಡಿಯುವುದು ಮುಂತಾದವು ಕಾಣಿಸಿಕೊಂಡಿರಬಹುದು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಇದು: ಕೈ ನಡುಗತೊಡಗುವ ವೇಳೆಗೆ ಆ ಕಪ್ಪು ಕೋಶಗಳಲ್ಲಿ ಸುಮಾರು ಅರ್ಧದಷ್ಟು ಅಳಿದುಹೋಗಿರುತ್ತವೆ. 1960ರ ದಶಕದಲ್ಲಿ ಬಳಕೆಗೆ ಬಂದ ಲೆವೊಡೋಪಾ ಇಂದಿಗೂ ಅತ್ಯುತ್ತಮ ಔಷಧವಾಗಿದೆ. ಆದರೆ ಅದು ಕೊರತೆಯನ್ನು ತುಂಬುತ್ತದೆಯೇ ಹೊರತು ಕೋಶಗಳ ಅಳಿವನ್ನು ತಡೆಯುವುದಿಲ್ಲ. ಅಳಿವನ್ನು ತಡೆಯುವ ಔಷಧ ಇನ್ನೂ ಸಿದ್ಧಿಸಿಲ್ಲ. ಅಂತಹ ಔಷಧವನ್ನು ಪ್ರಯೋಗಿಸಿ ನೋಡಬೇಕಾದರೂ ಕೋಶಗಳು ಉಳಿದಿರುವಾಗಲೇ ಕಾಯಿಲೆಯನ್ನು ಹಿಡಿಯಬೇಕು. ರಕ್ತಪರೀಕ್ಷೆಗಾಗಿ ನಡೆದಿರುವ ಪ್ರಯತ್ನದ ಹಿಂದಿನ ಕಾರಣ ಇದೇ.

ಪತ್ತೆಯಲ್ಲಿರುವ ತೊಡಕು

ಈ ಕಾಯಿಲೆಯನ್ನು ಗುರುತಿಸುವುದು ಇಂದಿಗೂ ವೈದ್ಯರ ಕಣ್ಣು ಮತ್ತು ಕೈಗಳಿಂದಲೇ. ರೋಗಿಯನ್ನು ನಡೆಸಿ, ಬೆರಳುಗಳನ್ನು ಬಡಿಸಿ, ಮೊಣಕೈಯನ್ನು ಮಡಿಸಿ ಅವರು ನಿರ್ಣಯಿಸುತ್ತಾರೆ. ನುರಿತವರಿಗೂ ಇಲ್ಲಿ ತಪ್ಪು ಸಂಭವಿಸಬಹುದು. ಪಾರ್ಕಿನ್ಸನ್ ಕಾಯಿಲೆಯೆಂದು ತಜ್ಞರು ನಿರ್ಣಯಿಸಿದ್ದ 100 ಮಂದಿಯ ಮಿದುಳುಗಳನ್ನು ಮರಣಾನಂತರ ಲಂಡನ್ನಿನಲ್ಲಿ ಪರೀಕ್ಷಿಸಿದಾಗ, 76 ಮಂದಿಯಲ್ಲಿ ಮಾತ್ರ ಆ ಕಾಯಿಲೆ ದೃಢಪಟ್ಟಿತೆಂದು 1992ರಲ್ಲಿ ಪ್ರಕಟವಾಯಿತು. ಉಳಿದವರಿಗೆ ಇದನ್ನು ಹೋಲುವ ಬೇರೆ ವ್ಯಾಧಿಗಳಿದ್ದವು.

ಯಕೃತ್ತು, ಮೂತ್ರಪಿಂಡಗಳಿಂದ ಚೂರು ತೆಗೆದು ನೋಡುವಂತೆ ಬದುಕಿರುವವರ ಮಿದುಳಿನಿಂದ ತೆಗೆಯಲಾಗದು. ಬೆನ್ನುಹುರಿಯ ಸುತ್ತಲಿನ ದ್ರವವನ್ನು ಸೂಜಿಯಿಂದ ತೆಗೆದು, ಅದರಲ್ಲಿ ಗಂಟುಗಟ್ಟುವ ಸಿನ್ಯೂಕ್ಲೀನನ್ನು ಪತ್ತೆಹಚ್ಚುವ ವಿಧಾನವೊಂದು ಈಗ ಲಭ್ಯವಿದೆ. 1,123 ಮಂದಿಯ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಪ್ರತಿ 100 ರೋಗಿಗಳಲ್ಲಿ ಸುಮಾರು 88 ಮಂದಿಯನ್ನು ಗುರುತಿಸಿತು. ಆದರೆ ಬೆನ್ನಿಗೆ ಸೂಜಿ ಚುಚ್ಚಿಸಿಕೊಳ್ಳುವುದು ಎಲ್ಲ ಹಿರಿಯರಿಗೂ ಸಾಧ್ಯವಿಲ್ಲ; ಪದೇ ಪದೇ ಮಾಡಿಸುವುದಂತೂ ಕಠಿಣ. ಆದುದರಿಂದಲೇ ವಿಜ್ಞಾನಿಗಳ ದೃಷ್ಟಿ ರಕ್ತದ ಕಡೆಗೆ, ವಿಶೇಷವಾಗಿ ಅದರಲ್ಲಿರುವ ಆರ್.ಎನ್.ಎ. ಕಡೆಗೆ ಹರಿದಿದೆ.

ಆರ್.ಎನ್.ಎ. ಎಂದರೇನು?

ಮುಂಬಯಿಯ ಕನ್ನಡಿಗರಿಗೆ ಇದನ್ನು ಹೋಟೆಲಿನ ಉಪಮಾನದಿಂದ ತಿಳಿಸಬಹುದು. ಒಂದು ದೊಡ್ಡ ಹೋಟೆಲಿನ ಎಲ್ಲ ತಿಂಡಿಗಳ ಪಾಕವಿಧಾನವನ್ನು ಬರೆದ ಪುಸ್ತಕವೊಂದು ಮಾಲೀಕರ ತಿಜೋರಿಯಲ್ಲಿದೆಯೆಂದು ಭಾವಿಸಬೇಕು. ಅದು ಹೊರಗೆ ಬರುವುದಿಲ್ಲ. ಬೇಕಾದ ತಿಂಡಿಯ ಪುಟವನ್ನು ಮಾತ್ರ ಚೀಟಿಯಲ್ಲಿ ನಕಲು ಮಾಡಿ ಅಡುಗೆಮನೆಗೆ ಕಳುಹಿಸುತ್ತಾರೆ. ಅಡುಗೆಯವರು ಚೀಟಿಯಂತೆ ತಿಂಡಿ ಮಾಡಿದ ಮೇಲೆ ಅದನ್ನು ಹರಿದು ಬಿಸಾಡುತ್ತಾರೆ. ಜೀವಕೋಶದಲ್ಲಿ ಆ ಪುಸ್ತಕವೇ ಡಿ.ಎನ್.ಎ.; ಚೀಟಿಯೇ ಸಂದೇಶವಾಹಕ ಆರ್.ಎನ್.ಎ.; ತಯಾರಾದ ತಿಂಡಿಯೇ ಪ್ರೋಟೀನು.

ಶರೀರದ ಬಹುತೇಕ ಎಲ್ಲ ಕೋಶಗಳಲ್ಲಿಯೂ ಪುಸ್ತಕ ಒಂದೇ. ಆದರೆ ಹೃದಯದ ಕೋಶದ ಚೀಟಿಗಳು ಬೇರೆ, ಬಿಳಿ ರಕ್ತಕಣದ ಚೀಟಿಗಳು ಬೇರೆ. ಆರೋಗ್ಯದಲ್ಲಿ ಬರೆಯುವ ಚೀಟಿಗಳಿಗೂ ಕಾಯಿಲೆಯಲ್ಲಿ ಬರೆಯುವ ಚೀಟಿಗಳಿಗೂ ವ್ಯತ್ಯಾಸವಿದೆ. ಪುಸ್ತಕವನ್ನು ಓದಿದರೆ ಹೋಟೆಲಿನಲ್ಲಿ ಏನೇನು ಮಾಡಬಹುದೆಂದು ತಿಳಿಯುತ್ತದೆ. ಚೀಟಿಗಳನ್ನು ಎಣಿಸಿದರೆ ಇಂದು ಏನು ನಡೆಯುತ್ತಿದೆಯೆಂದು ತಿಳಿಯುತ್ತದೆ. ವಂಶಪಾರಂಪರ್ಯದ ಪರೀಕ್ಷೆಗೂ ಆರ್.ಎನ್.ಎ. ಪರೀಕ್ಷೆಗೂ ಇರುವ ಅಂತರ ಇದೇ.

ಚೀಟಿಗಳ ಜೊತೆಗೆ ಬೇರೆ ಬಗೆಯ ಆರ್.ಎನ್.ಎ.ಗಳೂ ಇವೆ. ಕಿರು ಆರ್.ಎನ್.ಎ.ಗಳು ಚೀಟಿಗಳನ್ನು ತಡೆಹಿಡಿದು ಇಲ್ಲವೆ ಹರಿದುಹಾಕಿ ಅಡುಗೆಯ ಪ್ರಮಾಣವನ್ನು ನಿಯಂತ್ರಿಸುತ್ತವೆ. ಇವುಗಳನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಸಾರಿಗೆ ಆರ್.ಎನ್.ಎ.ಗಳು ಅಡುಗೆಗೆ ಬೇಕಾದ ಸಾಮಗ್ರಿಗಳನ್ನು ಹೊತ್ತು ತರುತ್ತವೆ. ಇವುಗಳ ತುಂಡುಗಳೂ ರಕ್ತದಲ್ಲಿ ದೊರೆಯುತ್ತವೆ.

ಮಿದುಳಿನ ಕಾಯಿಲೆಗೆ ರಕ್ತವನ್ನೇಕೆ ನೋಡಬೇಕು ಎಂಬ ಸಂದೇಹ ಇಲ್ಲಿ ಏಳಬಹುದು. ಪಾರ್ಕಿನ್ಸನ್ ಕಾಯಿಲೆ ಮಿದುಳಿಗೆ ಮಾತ್ರ ಸೀಮಿತವಾದುದಲ್ಲ. ಕರುಳಿನ ನರಗಳೂ ಶರೀರದ ರಕ್ಷಣಾವ್ಯವಸ್ಥೆಯೂ ಅದರಲ್ಲಿ ಪಾಲುಗೊಳ್ಳುತ್ತವೆ. ರಕ್ಷಣೆಯ ಸೈನಿಕರಾದ ಬಿಳಿ ರಕ್ತಕಣಗಳ ಚೀಟಿಗಳಲ್ಲಿ ಆ ಕಲಹದ ಗುರುತು ಬೀಳುತ್ತದೆ. ಅಲ್ಲದೆ, ಮಿದುಳಿನ ಕೋಶಗಳು ಹೊರಚೆಲ್ಲುವ ಅತಿಸೂಕ್ಷ್ಮ ಕೋಶಿಕೆಗಳಲ್ಲಿ ಕೆಲವು ಆರ್.ಎನ್.ಎ.ಯನ್ನು ಹೊತ್ತು ರಕ್ತಕ್ಕೆ ಬಂದು ಸೇರುತ್ತವೆ.

ರಕ್ತದಲ್ಲಿ ಕಂಡದ್ದು

ಈ ದಿಶೆಯಲ್ಲಿ ಗಮನ ಸೆಳೆದ ಮೊದಮೊದಲ ಅಧ್ಯಯನಗಳಲ್ಲಿ ಒಂದು 2007ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಬಂದಿತು. ಕ್ಲೆಮೆನ್ಸ್ ಶೆರ್ಜರ್ ಮತ್ತು ಸಂಗಡಿಗರು 105 ಮಂದಿಯ ರಕ್ತದ ಆರ್.ಎನ್.ಎ.ಯನ್ನು ಪರೀಕ್ಷಿಸಿ, ಎಂಟು ವಂಶವಾಹಿಗಳ ಚೀಟಿಗಳ ಏರಿಳಿತಕ್ಕೂ ಕಾಯಿಲೆಗೂ ಸಂಬಂಧವಿದೆಯೆಂದು ತೋರಿಸಿದರು. ಅದು ಆಶಾದಾಯಕವಾಗಿತ್ತು, ಆದರೆ ನೂರೈದು ಮಂದಿಯ ಪರೀಕ್ಷೆಯಿಂದ ಜಗತ್ತಿಗೆಲ್ಲ ಅನ್ವಯಿಸುವ ತೀರ್ಮಾನ ಹೊರಡುವುದಿಲ್ಲ.

ಮುಂದೆ 2010ರಲ್ಲಿ ಮೈಕೆಲ್ ಜೆ. ಫಾಕ್ಸ್ ಪ್ರತಿಷ್ಠಾನದ ಆಶ್ರಯದಲ್ಲಿ ದೊಡ್ಡ ಅಧ್ಯಯನವೊಂದು ಪ್ರಾರಂಭವಾಯಿತು. ಅದರಲ್ಲಿ ಒಬ್ಬನೇ ವ್ಯಕ್ತಿಯ ರಕ್ತವನ್ನು ವರ್ಷ ವರ್ಷವೂ ತೆಗೆದಿರಿಸಲಾಯಿತು. ಹೀಗೆ 1,570 ಮಂದಿಯಿಂದ ಸಂಗ್ರಹವಾದ 4,871 ರಕ್ತದ ಮಾದರಿಗಳ ಆರ್.ಎನ್.ಎ.ಯನ್ನು ಓದಿದ ಫಲಿತಾಂಶ 2021ರಲ್ಲಿ ಹೊರಬಂದಿತು. ಪಾರ್ಕಿನ್ಸನ್ ರೋಗಿಗಳ ರಕ್ತದಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳ ಚೀಟಿಗಳು ಹೆಚ್ಚಿದ್ದವು, ಲಿಂಫೋಸೈಟುಗಳವು ಕಡಿಮೆಯಾಗಿದ್ದವು. ಮಿದುಳಿನ ಕಾಯಿಲೆಯಲ್ಲಿ ರಕ್ಷಣಾವ್ಯವಸ್ಥೆಯ ಪಾತ್ರವಿದೆಯೆಂಬ ಮಾತಿಗೆ ಇದರಿಂದ ಬಲ ಬಂದಿತು.

2025ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಹರ್ಮೋನಾ ಸೊರೆಕ್ ಅವರ ತಂಡ ಇನ್ನೂ ಸರಳವಾದ ವಿಧಾನವನ್ನು ಪ್ರಕಟಿಸಿತು. ಸಾರಿಗೆ ಆರ್.ಎನ್.ಎ. ತುಂಡುಗಳಲ್ಲಿ ಒಂದು ಬಗೆಯವು ಈ ಕಾಯಿಲೆಯಲ್ಲಿ ಹೆಚ್ಚುತ್ತವೆ. ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಿಂದ ಬರುವ ಮತ್ತೊಂದು ಬಗೆಯವು ಕುಗ್ಗುತ್ತವೆ. ಇವೆರಡರ ಪ್ರಮಾಣವನ್ನು ನೋಡಿದರೆ ಸಾಕು. ಕೋವಿಡ್ ಕಾಲದಲ್ಲಿ ಮನೆಮಾತಾದ ಪಿ.ಸಿ.ಆರ್. ವಿಧಾನದಿಂದಲೇ ಇದನ್ನು ಅಳೆಯಬಹುದು. ಲಕ್ಷಣಗಳು ಇನ್ನೂ ಪೂರ್ಣವಾಗಿ ತೋರದವರಲ್ಲಿ ಒಬ್ಬರನ್ನೂ ಆರೋಗ್ಯವಂತರಲ್ಲಿ ಒಬ್ಬರನ್ನೂ ಎದುರಿಗಿಟ್ಟರೆ, ಈ ಪರೀಕ್ಷೆ ನೂರರಲ್ಲಿ 86 ಸಲ ಅವರನ್ನು ಸರಿಯಾಗಿ ಬೇರ್ಪಡಿಸಿತು. ವೈದ್ಯರ ರೂಢಿಯ ಅಂಕಪದ್ಧತಿಯಲ್ಲಿ ಅದು 73 ಸಲ ಮಾತ್ರ ಆಯಿತು.

ಕಾಯಿಲೆಯ ಏರಿಳಿತವನ್ನು ಅಳೆಯುವುದು

ಪತ್ತೆ ಒಂದು ಭಾಗವಾದರೆ ಮೇಲ್ವಿಚಾರಣೆ ಇನ್ನೊಂದು. ಸಕ್ಕರೆ ಕಾಯಿಲೆಯವರು ಎಚ್‌.ಬಿ.ಎ.1ಸಿ. ಪರೀಕ್ಷೆಯನ್ನು ಚೆನ್ನಾಗಿ ಬಲ್ಲರು. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಅದು ಒಂದೇ ಅಂಕಿಯಲ್ಲಿ ತಿಳಿಸುತ್ತದೆ. ಪಾರ್ಕಿನ್ಸನ್ ಕಾಯಿಲೆಗೆ ಅಂತಹ ಅಂಕಿ ಇಂದಿಗೂ ಇಲ್ಲ. ಕಾಯಿಲೆ ಎಷ್ಟು ಮುಂದುವರಿದಿದೆ ಎಂಬುದನ್ನು ವೈದ್ಯರು ಚಲನೆಯನ್ನು ನೋಡಿ, ಮನೆಯವರನ್ನು ಕೇಳಿ ಅಂದಾಜಿಸುತ್ತಾರೆ. ಮಾತ್ರೆ ಸೇವಿಸಿ ಒಂದು ಗಂಟೆಯಾದಾಗ ನೋಡಿದರೆ ಒಂದು ಬಗೆ. ಅದರ ಪ್ರಭಾವ ಇಳಿದ ಮೇಲೆ ನೋಡಿದರೆ ಇನ್ನೊಂದು ಬಗೆ. ಮಾತ್ರೆಯ ಮುಸುಕಿನ ಹಿಂದೆ ಕಾಯಿಲೆ ಎಲ್ಲಿಗೆ ತಲುಪಿದೆಯೆಂದು ತಿಳಿಸುವ ಅಂಕಿಯನ್ನು ಆರ್.ಎನ್.ಎ. ಸೂಚಕಗಳು ಒದಗಿಸಬಹುದೆಂಬ ನಿರೀಕ್ಷೆಯಿದೆ.

ಈ ದಾರಿಯಲ್ಲಿ ಅಡೆತಡೆಗಳೂ ಅನೇಕ. ಮೊದಲನೆಯದಾಗಿ, ಆರ್.ಎನ್.ಎ. ಬಹುಬೇಗ ಕೆಡುವ ವಸ್ತು. ರಕ್ತ ತೆಗೆದ ಕೂಡಲೇ ಅದನ್ನು ಕಾಪಾಡುವ ದ್ರಾವಣವುಳ್ಳ ನಳಿಕೆಗೆ ಸೇರಿಸಬೇಕು. ಎರಡನೆಯದಾಗಿ, ಕೆಂಪು ಕಣಗಳಿಂದ ಬರುವ ಹಿಮೋಗ್ಲೋಬಿನ್ನಿನ ಚೀಟಿಗಳು ರಾಶಿಯಾಗಿದ್ದು, ಬೇಕಾದ ಚೀಟಿಗಳನ್ನು ಅವು ಮರೆಮಾಡುತ್ತವೆ. ಮೂರನೆಯದಾಗಿ, ನೆಗಡಿ, ಸೋಂಕು, ವಯಸ್ಸು, ರಕ್ತ ತೆಗೆದ ವೇಳೆ, ಸೇವಿಸುವ ಔಷಧ ಇವೆಲ್ಲವೂ ಚೀಟಿಗಳನ್ನು ಬದಲಿಸುತ್ತವೆ. ನ್ಯೂಟ್ರೋಫಿಲ್ಲುಗಳು ಹೆಚ್ಚಲು ಒಂದು ಹಲ್ಲಿನ ಕೀವು ಸಾಕು. ಮನೆಮದ್ದೆಂದು ಸೇವಿಸುವ ನಸುಗುನ್ನಿ ಬೀಜದ ಪುಡಿಯಲ್ಲಿಯೂ ಲೆವೊಡೋಪಾ ಇದೆ. 1937ರಲ್ಲಿ ಭಾರತೀಯ ವಿಜ್ಞಾನಿಗಳಾದ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿ ತೋರಿಸಿದ್ದರು. ಅಂತಹ ಪುಡಿಯನ್ನು ವೈದ್ಯರಿಗೆ ತಿಳಿಸದೆ ಮಾತ್ರೆಯ ಜೊತೆಗೆ ಸೇವಿಸಿದರೆ ಔಷಧದ ಪ್ರಮಾಣವೂ ತಪ್ಪುತ್ತದೆ, ಪರೀಕ್ಷೆಯ ಅರ್ಥವೂ ಕೆಡುತ್ತದೆ.

ಭಾರತೀಯರ ರಕ್ತಕ್ಕೆ ಭಾರತೀಯರ ಅಳತೆ

ಮೇಲೆ ಹೇಳಿದ ದೊಡ್ಡ ಅಧ್ಯಯನಗಳಲ್ಲಿ ಪಾಲ್ಗೊಂಡವರು ಬಹುಪಾಲು ಯೂರೋಪಿನ ಮೂಲದವರು. ಅವರಲ್ಲಿ ಕಂಡ ಅಂಕಿಗಳು ಚೆಂಬೂರಿನ ಕನ್ನಡಿಗನಿಗೂ ಸಲ್ಲುತ್ತವೆಯೇ? ಈ ಸಂಶಯಕ್ಕೆ ಆಧಾರವಿದೆ ಎಂಬುದನ್ನು ಬೆಂಗಳೂರು ಮತ್ತು ಮುಂಬಯಿಯ ಎರಡು ಅಧ್ಯಯನಗಳು ಮನಗಾಣಿಸುತ್ತವೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಉದಯ ಮುಠಾಣೆ, ಡಾ. ಟಿ. ಸಿ. ಯಶಾ, ಡಾ. ಎಸ್. ಕೆ. ಶಂಕರ್ ಅವರು ಆರೋಗ್ಯವಂತ ಭಾರತೀಯರ ಮಿದುಳುಗಳಲ್ಲಿ ಆ ಕಪ್ಪು ಕೋಶಗಳನ್ನು ಎಣಿಸಿ 1998ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬ್ರಿಟನ್ನಿನವರ ಮಿದುಳಿಗೆ ಹೋಲಿಸಿದಾಗ ಅವು ಸುಮಾರು ಶೇಕಡಾ 40ರಷ್ಟು ಕಡಿಮೆಯಿದ್ದವು. ಆದರೂ ಆ ಮಿದುಳುಗಳಲ್ಲಿ ಕಾಯಿಲೆಯಿರಲಿಲ್ಲ. ವಯಸ್ಸಾದಂತೆ ಕೋಶಗಳು ಕಡಿಮೆಯಾಗುವುದೂ ಕಂಡುಬರಲಿಲ್ಲ. ಬ್ರಿಟನ್ನಿನ ಅಳತೆಗೋಲನ್ನೇ ಹಿಡಿದು ನೋಡಿದ್ದರೆ ಆರೋಗ್ಯವಂತನನ್ನೂ ರೋಗಿಯೆಂದು ಕರೆಯಬೇಕಾಗುತ್ತಿತ್ತು.

ಮುಂಬಯಿಯಲ್ಲಿ ಡಾ. ನಾದಿರ್ ಭರೂಚಾ ಮತ್ತು ಸಂಗಡಿಗರು ಪಾರ್ಸಿ ಕಾಲನಿಗಳಲ್ಲಿ ವಾಸವಾಗಿದ್ದ 14,010 ಮಂದಿಯನ್ನು ಸಮೀಕ್ಷೆ ಮಾಡಿ 46 ಮಂದಿಯಲ್ಲಿ ಪಾರ್ಕಿನ್ಸನ್ ಕಾಯಿಲೆಯನ್ನು ಗುರುತಿಸಿದರು. ಲಕ್ಷಕ್ಕೆ 328ರಷ್ಟಾದ ಈ ಪ್ರಮಾಣ 1988ರಲ್ಲಿ ಪ್ರಕಟವಾದಾಗ ಲೋಕದ ಗಮನ ಸೆಳೆಯಿತು. ಪಾರ್ಸಿ ಸಮಾಜದಲ್ಲಿ ವೃದ್ಧರ ಸಂಖ್ಯೆ ಹೆಚ್ಚಿರುವುದೂ ಇದಕ್ಕೆ ಒಂದು ಕಾರಣ. ಒಂದೇ ನಗರದಲ್ಲಿ ಬಾಳುವ ಸಮಾಜಗಳನ್ನೂ ಬೇರೆ ಬೇರೆಯಾಗಿಯೇ ಅಳೆಯಬೇಕೆಂಬುದಕ್ಕೆ ಇದು ನಿದರ್ಶನ. ಆರ್.ಎನ್.ಎ. ಸೂಚಕಗಳನ್ನೂ ಭಾರತೀಯರ ರಕ್ತದಲ್ಲಿಯೇ ಪರೀಕ್ಷಿಸಿ, ಭಾರತೀಯರ ಮಟ್ಟವನ್ನು ಗೊತ್ತುಪಡಿಸಬೇಕಾಗಿದೆ. ಬೋಧನಾ ಆಸ್ಪತ್ರೆಗಳು ನೀತಿಸಮಿತಿಯ ಒಪ್ಪಿಗೆಯೊಂದಿಗೆ ಇಂತಹ ಸಂಶೋಧನೆಗೆ ರಕ್ತವನ್ನು ಕೇಳಿದಾಗ ತಿಳಿದು ಒಪ್ಪಿ ಕೊಡುವುದು ಮುಂದಿನ ಪೀಳಿಗೆಗೆ ಮಾಡುವ ಉಪಕಾರ.

ಲೆಕ್ಕದ ಎಚ್ಚರ

'ನೂರಕ್ಕೆ ತೊಂಬತ್ತು ನಿಖರ' ಎಂಬ ಜಾಹೀರಾತನ್ನು ಕಂಡರೆ ಯಾರಿಗಾದರೂ ಪರೀಕ್ಷೆ ಮಾಡಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಈ ಮಾತಿನ ಅರ್ಥವನ್ನು ಒಂದು ಉದಾಹರಣೆಯಿಂದ ನೋಡಬಹುದು. ಅರವತ್ತು ದಾಟಿದ 1,000 ಮಂದಿಯಿದ್ದಾರೆ. ಅವರಲ್ಲಿ ನೂರಕ್ಕೆ ಒಬ್ಬರಂತೆ 10 ಮಂದಿಗೆ ಕಾಯಿಲೆಯಿದೆ ಎಂದಿಟ್ಟುಕೊಳ್ಳಬೇಕು. ಪರೀಕ್ಷೆ ರೋಗಿಗಳಲ್ಲಿ ನೂರಕ್ಕೆ 90 ಮಂದಿಯನ್ನು ಹಿಡಿಯುತ್ತದೆ, ಆರೋಗ್ಯವಂತರಲ್ಲಿ ನೂರಕ್ಕೆ 90 ಮಂದಿಯನ್ನು ಸರಿಯಾಗಿ ಬಿಡುತ್ತದೆ. ಆಗ 10 ರೋಗಿಗಳಲ್ಲಿ 9 ಮಂದಿ ಸಿಕ್ಕುತ್ತಾರೆ. ಆದರೆ 990 ಆರೋಗ್ಯವಂತರಲ್ಲಿ 99 ಮಂದಿಗೂ ಕಾಯಿಲೆಯಿದೆಯೆಂಬ ವರದಿ ಬರುತ್ತದೆ. ಒಟ್ಟು 108 ವರದಿಗಳಲ್ಲಿ ನಿಜವಾದವು ಒಂಬತ್ತೇ. ಉಳಿದ 99 ಮನೆಗಳಲ್ಲಿ ಕಾರಣವಿಲ್ಲದೆ ಕಳವಳ ತುಂಬುತ್ತದೆ. ಆದ್ದರಿಂದ ಲಕ್ಷಣವಿಲ್ಲದವರೆಲ್ಲರೂ ಮಾಡಿಸಿಕೊಳ್ಳುವ ಪರೀಕ್ಷೆಯಾಗಲು ತೊಂಬತ್ತರ ನಿಖರತೆ ಸಾಲದು. ಲಕ್ಷಣವಿರುವವರಲ್ಲಿ ವೈದ್ಯರ ನಿರ್ಣಯಕ್ಕೆ ಬೆಂಬಲವಾಗಿ ಬಳಸಿದಾಗ ಮಾತ್ರ ಅದಕ್ಕೆ ಬೆಲೆ.

ಪಾರ್ಕಿನ್ಸನ್ ಕಾಯಿಲೆಗಾಗಿ ಯಾವ ಆರ್.ಎನ್.ಎ. ರಕ್ತಪರೀಕ್ಷೆಯೂ ಇನ್ನೂ ದಿನನಿತ್ಯದ ಚಿಕಿತ್ಸೆಯಲ್ಲಿ ಬಳಕೆಗೆ ಬಂದಿಲ್ಲ. ಇಡೀ ಶರೀರದ ತಪಾಸಣೆಯೆಂದು ಮನೆಬಾಗಿಲಿಗೆ ಬಂದು ರಕ್ತ ಒಯ್ಯುವವರ ಪಟ್ಟಿಯಲ್ಲಿ ಇದರ ಹೆಸರು ಕಂಡರೆ, ನರರೋಗ ತಜ್ಞರನ್ನು ಕೇಳದೆ ಹಣ ತೆರಬಾರದು.

ಸದ್ಯಕ್ಕೆ ಮಾಡಬೇಕಾದುದು

ರಕ್ತಪರೀಕ್ಷೆ ಬರುವವರೆಗೆ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಒಂದು ಕಡೆಯ ನಡುಕ, ನಿಧಾನಗತಿ, ಬಿಗಿತ, ಅಕ್ಷರ ಕಿರಿದಾಗುವುದು ಕಂಡುಬಂದರೆ ನರರೋಗ ತಜ್ಞರಿಗೆ ತೋರಿಸಬೇಕು. ಸಾಯನ್ ಆಸ್ಪತ್ರೆ, ಪರೇಲಿನ ಕೆ.ಇ.ಎಂ. ಆಸ್ಪತ್ರೆಗಳಲ್ಲಿ ಇದಕ್ಕೆ ವಿಭಾಗಗಳಿವೆ. ಹೋಗುವಾಗ ಸೇವಿಸುತ್ತಿರುವ ಎಲ್ಲ ಔಷಧಗಳನ್ನೂ ಒಯ್ಯಬೇಕು. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ತಲೆನೋವಿಗೆ ಕೊಡುವ ಫ್ಲುನಾರಿಜಿನ್, ವಾಂತಿ ಮತ್ತು ಹೊಟ್ಟೆಯುಬ್ಬರಕ್ಕೆ ಕೊಡುವ ಮೆಟೊಕ್ಲೊಪ್ರಮೈಡ್, ಲೆವೊಸಲ್ಪಿರೈಡ್ ಹಾಗೂ ಕೆಲವು ಮನೋರೋಗದ ಮಾತ್ರೆಗಳು ಇದೇ ಲಕ್ಷಣಗಳನ್ನು ಉಂಟುಮಾಡಬಲ್ಲವು. ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ಇವನ್ನು ಕೊಂಡು ನುಂಗುವವರು ಕಡಿಮೆಯಿಲ್ಲ. ವೈದ್ಯರ ಸಲಹೆಯಂತೆ ಇವನ್ನು ನಿಲ್ಲಿಸಿದರೆ ಅನೇಕರಲ್ಲಿ ಲಕ್ಷಣಗಳು ಕ್ರಮೇಣ ಇಳಿಯುತ್ತವೆ.

ಕಾಯಿಲೆ ನಿಶ್ಚಯವಾದವರು ಮಾತ್ರೆಯ ವೇಳೆಯನ್ನು ತಪ್ಪಿಸಬಾರದು. ಲೆವೊಡೋಪಾವನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯಕರ. ಊರಿನ ಜಾತ್ರೆಗೋ ಮದುವೆಗೋ ಹೊರಡುವಾಗ ಹಿಂದಿರುಗುವ ದಿನಕ್ಕಿಂತ ಒಂದು ವಾರ ಹೆಚ್ಚಿನ ಮಾತ್ರೆಗಳು ಜೊತೆಗಿರಲಿ. ನಿತ್ಯವೂ ನಡಿಗೆ, ವ್ಯಾಯಾಮ, ಗಟ್ಟಿಯಾಗಿ ಓದುವುದು, ಹಾಡುವುದು ಇವು ಔಷಧಕ್ಕೆ ಪೂರಕ. ಮುಂಬಯಿಯಲ್ಲಿ 2001ರಲ್ಲಿ ಸ್ಥಾಪನೆಯಾದ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿಯು ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಸಹಾಯಗುಂಪುಗಳನ್ನು ನಡೆಸುತ್ತ ಬಂದಿದೆ.

ರಕ್ತದ ಒಂದು ಹನಿಯಿಂದ ಮಿದುಳಿನ ಸುದ್ದಿಯನ್ನು ಓದುವ ವಿದ್ಯೆ ಬೆಳೆಯುತ್ತಿದೆ. ಅದು ಪಕ್ವವಾಗಲು ಇನ್ನೂ ಕಾಲ ಬೇಕು. ಅಲ್ಲಿಯವರೆಗೆ ಈ ಕಾಯಿಲೆಯನ್ನು ಮೊದಲು ಗುರುತಿಸಬಲ್ಲವರು ಪ್ರಯೋಗಾಲಯದವರಲ್ಲ, ಮನೆಯವರೇ. ಹಿರಿಯರ ನಡಿಗೆ, ಧ್ವನಿ, ಬರವಣಿಗೆಗಳಲ್ಲಿ ಬದಲಾವಣೆ ಕಂಡಾಗ 'ವಯಸ್ಸಾಯಿತು' ಎಂದು ತಳ್ಳಿಹಾಕದೆ ಒಮ್ಮೆ ವೈದ್ಯರಿಗೆ ತೋರಿಸಿದರೆ, ಅವರು ಸ್ವತಂತ್ರವಾಗಿ ನಡೆದಾಡುವ ವರ್ಷಗಳು ಅಷ್ಟಾದರೂ ಹೆಚ್ಚುವ ಸಂಭವವಿದೆ.